ಎರಡು ಸೀಟಿನ ಟ್ರೈಕ್ ಕಟ್ಟಿ ದೂರ ಹಾರುವುದು: ಭೋಸರಿ ಶೆಡ್ಡಿನ ಲೆಕ್ಕಗಳು

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಶೆಡ್ಡಿಗೆ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಇದು ಎಷ್ಟು ಮ್ಯಾಲೆ ಹೋಗ್ತದ್ರೀ?" ಮೇಲೆ ಹೋಗುವುದು ಟ್ರೈಕ್‌ಗೆ ದೊಡ್ಡ ವಿಷಯವೇ ಅಲ್ಲ. ನಾನು ಅವರಿಗೆ ವಾಪಸ್ ಕೇಳುವುದು, "ಹಿಂದಿನ ಸೀಟಿನಲ್ಲಿ ಕೂರುವವರು ಎಷ್ಟು ಕಿಲೋ ಇದ್ದಾರೆ?" ಎಂದು. ಎಲ್ಲರೂ ನಗುತ್ತಾರೆ. ಆದರೆ ಎಂಜಿನ್ ಯಾವುದು, ಟ್ಯಾಂಕ್ ಎಷ್ಟು ದೊಡ್ಡದು, ಎಲ್ಲೆಲ್ಲಿ ಇಳಿಯಬೇಕು ಅನ್ನುವುದೆಲ್ಲ ಆ ಎರಡನೇ ಸೀಟಿನ ಮೇಲೇ ನಿಂತಿದೆ.

ಟ್ರೈಕ್ ಅಂದ್ರೆ ಮೂರು ಗಾಲಿಯ ಒಂದು ಗಾಡಿ. ಮೇಲೆ ಬಟ್ಟೆಯ ರೆಕ್ಕೆ, ಹಿಂದೆ ತಳ್ಳುವ ಫ್ಯಾನು. ಗಾಡಿ ರೆಕ್ಕೆಗೆ ಒಂದೇ ಬೋಲ್ಟಿನಲ್ಲಿ ನೇತಾಡುತ್ತದೆ. ಬಾಲ ಇಲ್ಲ, ರಡರ್ ಇಲ್ಲ. ಕೈಯಲ್ಲಿರುವ ಬಾರ್ ಹಿಡಿದು ನಮ್ಮ ತೂಕವನ್ನು ಆಚೀಚೆ ಸರಿಸಿದರೆ ವಿಮಾನ ತಿರುಗುತ್ತದೆ. ಈ ರೆಕ್ಕೆಯ ಮೂಲ ಅಮೆರಿಕದ ಫ್ರಾನ್ಸಿಸ್ ರೊಗಾಲೋ ಮತ್ತು ಅವರ ಹೆಂಡತಿ ಗರ್ಟ್ರೂಡ್. 1948ರಲ್ಲಿ ಅವರ ಮೊದಲ ಮಾದರಿ ಹಾರಿದ್ದು ಅಡುಗೆಮನೆಯ ಕರ್ಟನ್ ಬಟ್ಟೆಯಲ್ಲಿ. ಅದೇ ಜಾತಿಯ ರೆಕ್ಕೆಯಲ್ಲಿ 1998ರಲ್ಲಿ ಬ್ರಿಟನ್ನಿನ ಬ್ರಯಾನ್ ಮಿಲ್ಟನ್ 120 ದಿನದಲ್ಲಿ ಭೂಮಿ ಸುತ್ತಿ ಬಂದರು. ನಮ್ಮ ಪಕ್ಕದ ಮುಂಬೈಯವರೇ ಆದ ವಿಜಯಪತ್ ಸಿಂಘಾನಿಯಾ 1988ರಲ್ಲೇ ಬ್ರಿಟನ್ನಿನಿಂದ ಭಾರತಕ್ಕೆ ಮೈಕ್ರೋಲೈಟ್‌ನಲ್ಲಿ, ಅಂದರೆ ತೀರ ಹಗುರದ ವಿಮಾನದಲ್ಲಿ, ಒಬ್ಬರೇ ಬಂದಿದ್ದರು. ಅದು ಟ್ರೈಕ್ ಅಲ್ಲ, ಬಾಲ ಇದ್ದ ಪುಟ್ಟ ವಿಮಾನ. ಆದರೂ ಇಷ್ಟು ಹಗುರದ ವಸ್ತುವಿನಲ್ಲಿ ಅಷ್ಟು ದೂರ ಬರಬಹುದು ಎಂದು ಅವರು ತೋರಿಸಿದರು.

ಹಂತ 1: ಕಟ್ಟುವ ಮೊದಲು ಕಲಿಯಿರಿ

ಸ್ಪ್ಯಾನರ್ ಹಿಡಿಯುವ ಮೊದಲು ಹಾರಲು ಕಲಿಯಿರಿ. ನಾನು ರಜೆ ಹಾಕಿ ಬೆಂಗಳೂರಿನ ಜಕ್ಕೂರಿಗೆ ಹೋಗಿ ಮೈಕ್ರೋಲೈಟ್ ಹತ್ತಿದವನು. ಟ್ರೈಕ್‌ನಲ್ಲಿ ಕೈಕಾಲಿನ ಅಭ್ಯಾಸವೆಲ್ಲ ಉಲ್ಟಾ. ಬಾರ್ ಮುಂದೆ ತಳ್ಳಿದರೆ ಮೂಗು ಮೇಲೇಳುತ್ತದೆ, ವೇಗ ಇಳಿಯುತ್ತದೆ. ಎದೆಯ ಕಡೆ ಎಳೆದರೆ ವೇಗ ಏರುತ್ತದೆ. ಬಾರ್ ಬಲಕ್ಕೆ ತಳ್ಳಿದರೆ ವಿಮಾನ ಎಡಕ್ಕೆ ಹೋಗುತ್ತದೆ. ನೆಲದ ಮೇಲೂ ಹಾಗೇ, ಮುಂದಿನ ಗಾಲಿಯ ಪೆಡಲನ್ನು ಬಲಗಾಲಲ್ಲಿ ಒತ್ತಿದರೆ ಗಾಡಿ ಎಡಕ್ಕೆ. ಮಾಮೂಲಿ ವಿಮಾನ ಹಾರಿಸಿದವರಿಗೆ ಇದು ಹೊಸಬರಿಗಿಂತ ಜಾಸ್ತಿ ಕಷ್ಟ, ಏಕೆಂದರೆ ಗಾಬರಿಯಾದಾಗ ಕೈ ಹಳೆಯ ದಾರಿಯನ್ನೇ ಹಿಡಿಯುತ್ತದೆ.

ಕಲಿತ ಮೇಲೆ ಕಟ್ಟುವ ಕಣ್ಣೂ ಬದಲಾಗುತ್ತದೆ. ಕಾಲಿನ ಥ್ರಾಟಲ್ ಎಲ್ಲಿರಬೇಕು, ಹೆಲ್ಮೆಟ್ ವೈರ್ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವುದು ಡ್ರಾಯಿಂಗ್ ನೋಡಿದರೆ ಗೊತ್ತಾಗುವುದಿಲ್ಲ.

ಹಂತ 2: ತೂಕದ ಚೀಟಿ

ಒಂದು ಹಾಳೆಯಲ್ಲಿ ಇದನ್ನು ಬರೆದು ಶೆಡ್ಡಿನ ಗೋಡೆಗೆ ಅಂಟಿಸಿ. ನಮ್ಮ ಚೀಟಿ ಹೀಗಿದೆ. ಎರಡು ಸೀಟಿನ ಮೈಕ್ರೋಲೈಟ್‌ಗೆ ಬ್ರಿಟನ್ನಿನಂಥ ಕಡೆ ಬಹುಕಾಲ ಇದ್ದ ಮಿತಿ ಒಟ್ಟು 450 ಕಿಲೋ. ಅದನ್ನೇ ಹಿಡಿಯೋಣ. ರೆಕ್ಕೆ, ಎಂಜಿನ್ ಎಲ್ಲ ಸೇರಿ ಖಾಲಿ ಟ್ರೈಕ್ 220. ಉಳಿದಿದ್ದು 230. ನಾನು 78, ಗೆಳೆಯ 84. ಇಬ್ಬರ ಹೆಲ್ಮೆಟ್, ಜಾಕೆಟ್, ಬೂಟು ಸೇರಿ 6. ಉಳಿದಿದ್ದು 62. ಪೆಟ್ರೋಲ್ ಲೀಟರಿಗೆ ಸುಮಾರು 0.72 ಕಿಲೋ, ಅಂದರೆ 65 ಲೀಟರ್‌ಗೆ 47 ಕಿಲೋ. ಕೊನೆಗೆ ಉಳಿಯುವುದು 15 ಕಿಲೋ. ಟೂಲ್ಸ್, ನೀರು, ರೆಕ್ಕೆಗೆ ಹೊದಿಸುವ ಕವರ್, ಕಟ್ಟಿಹಾಕುವ ಗೂಟ ಹಗ್ಗ, ಎಲ್ಲವೂ ಅದರೊಳಗೇ ಬರಬೇಕು.

ಗೆಳೆಯ ಬೆಳಗಾವಿಯವನು. ಚೀಟಿ ನೋಡಿ, "ಬರೂ ಮುಂದ ಕುಂದಾ ತರಂಗಿಲ್ಲೇನಪಾ?" ಅಂದ. ನಾಲ್ಕು ಕಿಲೋ ಇಳಿಸಿಕೋ, ಎರಡು ಡಬ್ಬಿ ತರೋಣ ಅಂದೆ.

ಒಂದು ಒಳ್ಳೆಯ ಸಂಗತಿ ಇದೆ. ಪೈಲಟ್ ಮುಂದೆ, ಜೊತೆಗಾರ ಅವನ ಹಿಂದೆ ಸ್ವಲ್ಪ ಎತ್ತರದಲ್ಲಿ ಕೂರುತ್ತಾರೆ. ಹಿಂದಿನ ಸೀಟು ಹೆಚ್ಚುಕಡಿಮೆ ನೇತಾಡುವ ಬೋಲ್ಟಿನ ನೇರ ಕೆಳಗೆ ಬರುತ್ತದೆ. ಹಾಗಾಗಿ ಅಲ್ಲಿ ಯಾರು ಕೂತರೂ ಮುಂದೆ-ಹಿಂದಿನ ಸಮತೋಲ ಅಷ್ಟಾಗಿ ಕೆಡುವುದಿಲ್ಲ. ಒಟ್ಟು ತೂಕ ಮಾತ್ರ ಏರುತ್ತದೆ. ತೂಕ ಏರಿದರೆ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತಿ ಹಿಡಿಯುವ ಶಕ್ತಿ ಕಳೆದುಕೊಳ್ಳುವ ವೇಗವೂ ಏರುತ್ತದೆ, ಓಡುದಾರಿಯೂ ಜಾಸ್ತಿ ಬೇಕಾಗುತ್ತದೆ.

ಹಂತ 3: ಕಾಗದಪತ್ರ

ಇದನ್ನು ಕೊನೆಗೆ ಇಟ್ಟುಕೊಂಡವರ ಟ್ರೈಕ್ ಶೆಡ್ಡಿನಲ್ಲೇ ಧೂಳು ತಿನ್ನುತ್ತದೆ. ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮ, ಗೃಹ ಇಲಾಖೆಯ ಭದ್ರತಾ ಅನುಮತಿ, ವಿಟಿ ಅಂತ ಶುರುವಾಗುವ ನೋಂದಣಿ, ಹಾರಾಟದ ಪರವಾನಗಿ, ರೇಡಿಯೋಗೆ ಬೇರೆ ಲೈಸೆನ್ಸ್, ನಿಮ್ಮ ಮೆಡಿಕಲ್. ಮೊದಲ ಕೊಳವೆ ಕೊಳ್ಳುವ ಮುಂಚೆಯೇ ಬರೆದು ಕೇಳಿ. ಕಟ್ಟುವಾಗ ಪ್ರತಿ ಜೋಡಣೆಯ ಫೋಟೋ, ಪ್ರತಿ ಬೋಲ್ಟಿನ ಬಿಲ್ ಇಟ್ಟುಕೊಳ್ಳಿ. ಮುಂಬೈನ ಪೈಲಟ್ ಅಮೋಲ್ ಯಾದವ್ ಕಾಂದಿವಲಿಯ ಚಾರ್‌ಕೋಪ್‌ನಲ್ಲಿ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದರಲ್ಲ, ಅದು 2016ರಲ್ಲೇ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಪ್ರದರ್ಶನದಲ್ಲಿ ನಿಂತಿತ್ತು. ನೋಂದಣಿ ಆಗಿದ್ದು 2017ರಲ್ಲಿ, ಹಾರಾಟದ ಪರವಾನಗಿ ಬಂದಿದ್ದು 2019ರಲ್ಲಿ. ನಿಮ್ಮ ಕ್ಯಾಲೆಂಡರನ್ನೂ ಅದೇ ಅಳತೆಯಲ್ಲಿ ಹಾಕಿಕೊಳ್ಳಿ.

ಪುಣೆಯಲ್ಲಿ ಇನ್ನೊಂದು ತಲೆನೋವು. ಲೋಹೆಗಾಂವ್ ವಾಯುಪಡೆಯ ನಿಲ್ದಾಣ. ಖಡಕ್‌ವಾಸ್ಲಾದಲ್ಲಿ ಸೇನಾ ಅಧಿಕಾರಿಗಳ ತರಬೇತಿಯ ಎನ್‌ಡಿಎ. ಹಡಪ್ಸರದಲ್ಲಿ ಗ್ಲೈಡರ್‌ಗಳು. ಗೋವಾಕ್ಕೆ ಹೋದರೂ ದಾಬೋಲಿಂ ನೌಕಾಪಡೆಯದು. ಸುಮ್ನೆ ಯಾವುದೋ ಹೊಲದಿಂದ ಎದ್ದು ಹೊರಡುವ ಊರು ಇದಲ್ಲ.

ಹಂತ 4: ಎಂಜಿನ್, ಮತ್ತೆ ಪೆಟ್ರೋಲಿನ ಜಗಳ

ಎರಡು ಸೀಟಿನ ಟ್ರೈಕ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಆಸ್ಟ್ರಿಯಾದ ರೋಟ್ಯಾಕ್ಸ್ ಎಂಜಿನ್. 582 ಅನ್ನುವುದು ಎರಡು ಸಿಲಿಂಡರಿನ ಟೂ-ಸ್ಟ್ರೋಕ್, ಸುಮಾರು 65 ಕುದುರೆಶಕ್ತಿ. 912 ಅನ್ನುವುದು ನಾಲ್ಕು ಸಿಲಿಂಡರಿನ ಫೋರ್-ಸ್ಟ್ರೋಕ್, 80 ಅಥವಾ 100 ಕುದುರೆಶಕ್ತಿ. 582 ಹಗುರ, ಅಗ್ಗ, ಬಿಚ್ಚಿ ಕಟ್ಟಲು ಸುಲಭ. ಆದರೆ 300 ಗಂಟೆಗೆ ಪೂರ್ತಿ ಓವರ್‌ಹಾಲ್. ಇಬ್ಬರನ್ನು ಹೊತ್ತು ಹಾರುವಾಗ ಗಂಟೆಗೆ 18 ಲೀಟರ್ ಕುಡಿಯುತ್ತದೆ ಅಂತಲೇ ಹಿಡಿಯಿರಿ. 912 ತೂಕ ಜಾಸ್ತಿ, ಬೆಲೆ ತುಂಬಾ ಜಾಸ್ತಿ. ಆದರೆ 12ರಿಂದ 13 ಲೀಟರಿನಲ್ಲಿ ಮುಗಿಯುತ್ತದೆ, ಹೊಸ ಎಂಜಿನ್‌ಗಳ ಓವರ್‌ಹಾಲ್ 2,000 ಗಂಟೆಗೆ. ಒಬ್ಬರೇ ಊರ ಸುತ್ತ ಹಾರುವುದಾದರೆ 582 ಸಾಕು. ಇಬ್ಬರು, ದೂರ ಅಂದರೆ ನನ್ನ ಮತ 912ಕ್ಕೆ. ಎಂಜಿನ್ನಿನಲ್ಲಿ ಏರಿದ ತೂಕ ಮೂರು-ನಾಲ್ಕು ಗಂಟೆಯ ಹಾರಾಟದಲ್ಲಿ ಉಳಿದ ಪೆಟ್ರೋಲಿನಲ್ಲಿ ಹೆಚ್ಚುಕಡಿಮೆ ವಾಪಸ್ ಬರುತ್ತದೆ.

ಈಗ ಪೆಟ್ರೋಲು. 912ಕ್ಕೆ ಕಂಪನಿ ಒಪ್ಪುವುದು ಹೆಚ್ಚೆಂದರೆ 10 ಶೇಕಡಾ ಎಥನಾಲ್. ನಮ್ಮ ಬಂಕುಗಳಲ್ಲಿ ಈಗ ಸಿಗುವುದು 20 ಶೇಕಡಾ ಬೆರೆತದ್ದು. ಎಥನಾಲ್ ನೀರು ಹೀರುತ್ತದೆ, ಹಳೆಯ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಗಾಜಿನ ಅಳತೆ ಕೊಳವೆಯಲ್ಲಿ ಪರೀಕ್ಷೆ ಮಾಡಿ. 10ರ ಗೆರೆವರೆಗೆ ನೀರು, ಮೇಲೆ 100ರ ಗೆರೆವರೆಗೆ ಪೆಟ್ರೋಲ್, ಚೆನ್ನಾಗಿ ಕುಲುಕಿ ಹತ್ತು ನಿಮಿಷ ಬಿಡಿ. ಎಥನಾಲ್ ಕೆಳಗಿಳಿದು ನೀರಿಗೆ ಸೇರುತ್ತದೆ. ನೀರಿನ ಗೆರೆ 10ರಿಂದ ಎಷ್ಟು ಮೇಲೆ ಬಂತು ಅನ್ನುವುದನ್ನು ನೋಡಿದರೆ ಅಂದಾಜು ಸಿಗುತ್ತದೆ. ನಾವು ಕೊನೆಗೆ ವಿಮಾನದ ಪೆಟ್ರೋಲ್, ಅಂದರೆ ಅವ್‌ಗ್ಯಾಸ್ ಕಡೆಗೇ ಹೋದೆವು. ಅದರಲ್ಲಿ ಸೀಸ ಇರುತ್ತದೆ, ಹಾಗಾಗಿ 912ರ ಎಣ್ಣೆ ಬೇಗ ಬೇಗ ಬದಲಿಸಬೇಕು. ಅವ್‌ಗ್ಯಾಸ್ ಎಲ್ಲ ಕಡೆ ಸಿಗುವುದಿಲ್ಲ. ದೂರದ ಹಾರಾಟದಲ್ಲಿ ಎಲ್ಲಿ ಇಳಿಯಬೇಕು ಅಂತ ಹೇಳುವುದು ಮ್ಯಾಪಿಗಿಂತ ಪೆಟ್ರೋಲೇ.

ಹಂತ 5: ಗಾಡಿ ಕಟ್ಟುವುದು

ರೆಕ್ಕೆಯನ್ನು ನೀವು ಹೊಲಿಯಬೇಡಿ. ಹೆಸರಿರುವ ಕಂಪನಿಯ, ಪರೀಕ್ಷೆ ಆದ ರೆಕ್ಕೆಯನ್ನೇ ಕೊಳ್ಳಿ. ನೀವು ಕಟ್ಟುವುದು ಕೆಳಗಿನ ಗಾಡಿ ಮಾತ್ರ. ಅದನ್ನೂ ಕಿಟ್ ಅಥವಾ ಪರೀಕ್ಷೆ ಆದ ಡ್ರಾಯಿಂಗ್ ನೋಡಿಯೇ ಕಟ್ಟಿ. "ಒಂಚೂರು ಗಟ್ಟಿ ಇರಲಿ" ಅಂತ ದಪ್ಪ ಕೊಳವೆ ಹಾಕಿದರೆ ಹಂತ 2ರ ಚೀಟಿ ಹರಿಯುತ್ತದೆ.

ಕೊಳವೆಗಳು 6061-ಟಿ6, ಅಂದರೆ ಬಿಸಿಯಲ್ಲಿ ಹದಮಾಡಿ ಗಟ್ಟಿಗೊಳಿಸಿದ ಅಲ್ಯೂಮಿನಿಯಂ, ಅಥವಾ ಡ್ರಾಯಿಂಗ್ ಹೇಳಿದ ಅಲ್ಯೂಮಿನಿಯಂ. ಕಿಟಕಿ ಚೌಕಟ್ಟಿನ ಅಲ್ಯೂಮಿನಿಯಂ ಬೇರೆ, ಇದು ಬೇರೆ. ಇದನ್ನು ವೆಲ್ಡ್ ಮಾಡಬಾರದು. ಬಿಸಿ ತಾಗಿದ ಕಡೆ ಟಿ6ರ ಗಟ್ಟಿತನ ಹೋಗಿಬಿಡುತ್ತದೆ. ಎಲ್ಲ ಜೋಡಣೆಯೂ ಬೋಲ್ಟು, ಪ್ಲೇಟು, ಒಳಗೊಂದು ಬುಷ್.

ನಮ್ಮ ಲೇತ್ ಕೆಲಸ ಮಾಡಿಕೊಡುವ ಕಾಕಾ ವಿಜಯಪುರ ಜಿಲ್ಲೆ ಇಂಡಿ ಕಡೆಯವರು, ಮೂವತ್ತು ವರ್ಷದಿಂದ ಭೋಸರಿಯಲ್ಲೇ ಇದ್ದಾರೆ. ಮೊದಲ ದಿನ ನಾನು ಕೊಳವೆ ಮೇಲೆ ಮೊಳೆಯಿಂದ ಗುರುತು ಗೀರಿದ್ದೆ. ಅವರು ಕೊಳವೆ ಎತ್ತಿ ಬೆಳಕಿಗೆ ಹಿಡಿದು, "ಇದನ್ನ ಬಾಜೂಕ ಇಡ್ರೀ. ಬಡಿಗೇರ ಕಟ್ಟಿಗೀ ಗೀರಿದಂಗ ಗೀರೀರಿ" ಅಂದರು. ಗೀರು ಬಿದ್ದ ಕಡೆಯಿಂದಲೇ ಬಿರುಕು ಶುರುವಾಗುತ್ತದೆ. ಅವತ್ತಿನಿಂದ ಶೆಡ್ಡಿನಲ್ಲಿ ಗುರುತಿಗೆ ಸ್ಕೆಚ್ ಪೆನ್ ಮಾತ್ರ. ಆ ಕೊಳವೆ ಈಗ ಪರದೆ ಕಟ್ಟಲು ಬಳಕೆಯಲ್ಲಿದೆ.

ತೂತು ಕೊರೆಯುವ ಕ್ರಮ ಹೀಗೆ. ಕೊಳವೆಯನ್ನು ವಿ-ಬ್ಲಾಕ್ ಮೇಲೆ ಕೂರಿಸಿ. ಡ್ರಿಲ್ ಮೆಷಿನ್ ಸ್ಟ್ಯಾಂಡಿನಲ್ಲೇ ಇರಲಿ, ಕೈಯಲ್ಲಿ ಬೇಡ. ಮೊದಲು 3 ಮಿ.ಮೀ. ತೂತು. ಆಮೇಲೆ ಬೇಕಾದ ಅಳತೆಗಿಂತ ಸ್ವಲ್ಪ ಚಿಕ್ಕದು. ಕೊನೆಯ ಅಳತೆಗೆ ರೀಮರ್, ಅಂದರೆ ತೂತನ್ನು ನಿಖರ ಅಳತೆಗೆ ಸವರುವ ಕಡ್ಡಿ. ಬೋಲ್ಟು ಬೆರಳಿನಿಂದ ತಳ್ಳಿದರೆ ಬಿಗಿಯಾಗಿ ಒಳಗೆ ಹೋಗಬೇಕು. ಸುತ್ತಿಗೆ ಬೇಕಾದರೂ ತಪ್ಪು, ಲಟಲಟ ಅಂದರೂ ತಪ್ಪು. ಆಮೇಲೆ ಒಳಗೆ ಹೊರಗೆ ಅಂಚು ಸವರಿ. ಸವರಿದ ಮೇಲೆ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ತೂತಿನ ಅಂಚಿನಲ್ಲಿ ಒಂದು ಸುತ್ತು ತಿರುಗಿಸಿ. ಹತ್ತಿಯ ಎಳೆ ಒಂದಾದರೂ ಸಿಕ್ಕಿಕೊಂಡರೆ ಕೆಲಸ ಮುಗಿದಿಲ್ಲ.

ಬೋಲ್ಟಿನ ವಿಷಯದಲ್ಲಿ ನಾನು ಮೋಸ ಹೋದೆ. ಪೇಟೆಯ ಒಬ್ಬ ಅಂಗಡಿಯವ 8.8 ದರ್ಜೆ ಅಂತ ಒಂದು ಪೊಟ್ಟಣ ಕೊಟ್ಟ. ತಲೆಯ ಮೇಲೆ ಗುರುತಿರಲಿಲ್ಲ, "ಹೊಸ ಮಾಲು, ಹಾಗೇ ಬರುತ್ತೆ" ಅಂದ. ಒಂದನ್ನು ವೈಸ್‌ನಲ್ಲಿ ಹಿಡಿದು ಪೈಪ್ ಹಾಕಿ ಬಗ್ಗಿಸಿದೆವು. ಬೆಣ್ಣೆಯಂತೆ ಬಾಗಿತು. ಡ್ರಾಯಿಂಗ್ ಎಎನ್ ಬೋಲ್ಟ್ (ವಿಮಾನಕ್ಕೆಂದೇ ಮಾಡಿದ ದರ್ಜೆ) ಹೇಳಿದರೆ ಎಎನ್ ಬೋಲ್ಟನ್ನೇ ತರಿಸಿ, ಸರ್ಟಿಫಿಕೇಟ್ ಜೊತೆಗೆ. ನೈಲಾನ್ ನಟ್ ಒಮ್ಮೆ ಬಿಚ್ಚಿದರೆ ಡಬ್ಬಿಗೆ. ತಿರುಗುವ ಜೋಡಣೆಗೆ ತಲೆಯಲ್ಲಿ ಗಾಡಿ ಇರುವ ಕ್ಯಾಸಲ್ ನಟ್, ಅದು ಬಿಚ್ಚದಂತೆ ತಡೆಯುವ ಸ್ಪ್ಲಿಟ್ ಪಿನ್. ಬಿಗಿಸಿದ ಮೇಲೆ ನಟ್ಟಿನಿಂದ ಪ್ಲೇಟಿನವರೆಗೆ ಕೆಂಪು ಪೇಂಟಿನ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ ಅಲುಗಿದೆ ಅಂತ ದೂರದಿಂದಲೇ ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯ ರೆಕ್ಕೆಗೆ ನೇತುಹಾಕುವ ಬೋಲ್ಟು. ಅದಕ್ಕೆ ಜೊತೆಯಾಗಿ ಒಂದು ಬ್ಯಾಕಪ್ ಕೇಬಲ್ ಇದ್ದೇ ಇರಬೇಕು. ಈ ಬೋಲ್ಟಿನ ಗಂಟೆ ಲೆಕ್ಕಕ್ಕೆ ನಾವು ಬೇರೆ ಪುಸ್ತಕ ಇಟ್ಟಿದ್ದೇವೆ. ಕಂಪನಿ ಹೇಳಿದ ಗಂಟೆ ಮುಗಿದರೆ, ನೋಡಲು ಹೊಸದರಂತಿದ್ದರೂ ಬದಲಿಸುವುದೇ.

ಮುಂಬೈ, ಗೋವಾ ಕಡೆಯವರಿಗೆ ಒಂದು ಮಾತು. ಅಲ್ಯೂಮಿನಿಯಂ ಮೇಲೆ ಸ್ಟೀಲ್ ಕೂತು, ನಡುವೆ ಉಪ್ಪುಗಾಳಿಯ ತೇವ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿಂದುಹೋಗುತ್ತದೆ. ನಡುವೆ ಪ್ಲಾಸ್ಟಿಕ್ ವಾಷರ್, ಬೋಲ್ಟಿಗೆ ಪ್ರೈಮರ್ ಇರಲಿ. ಸಮುದ್ರದ ಕಡೆ ಹಾರಿ ಬಂದ ದಿನ ಸಿಹಿನೀರಿನಿಂದ ತೊಳೆಯಿರಿ.

ಫ್ಯಾನು ಹಿಂದೆ ಇದೆ ಅನ್ನುವುದನ್ನು ಮರೆಯಬೇಡಿ. ಮುಂದೆ ಜಾರಿದ್ದೆಲ್ಲ ಹೋಗಿ ಬಡಿಯುವುದು ಅದಕ್ಕೇ. ಪೆನ್ನು, ಮೊಬೈಲು, ಕನ್ನಡಕ, ಮ್ಯಾಪು, ಎಲ್ಲಕ್ಕೂ ದಾರ. ಜೇಬಿಗೆ ಜಿಪ್. ಓಢಣಿ, ಮಫ್ಲರ್, ಸಡಿಲ ಜಡೆ ಒಳಗೆ ಸೇರಿಸಬೇಕು.

ಹಂತ 6: ರೆಕ್ಕೆ ಜೋಡಿಸುವುದು

ರೆಕ್ಕೆಯ ಆಕಾರ ಹಿಡಿಯುವುದು ಬ್ಯಾಟನ್‌ಗಳು, ಅಂದರೆ ಬಟ್ಟೆಯೊಳಗೆ ತೂರಿಸುವ ಬಾಗಿದ ಕಡ್ಡಿಗಳು. ಕಂಪನಿ ಅವುಗಳ ಬಾಗುವಿನ ನಕ್ಷೆ ಕೊಡುತ್ತದೆ. ಒಂದು ಪ್ಲೈವುಡ್ ಮೇಲೆ ನಕ್ಷೆ ಅಂಟಿಸಿ, ಪ್ರತಿ ಕಡ್ಡಿಯನ್ನೂ ಅದರ ಮೇಲಿಟ್ಟು ನೋಡಿ. ಎಡದ ಮೂರನೆಯದು ಬಲದ ಮೂರನೆಯದರ ಪಡಿಯಚ್ಚು ಆಗಿರಬೇಕು. ವಿಮಾನ ಸುಮ್ಮಸುಮ್ಮನೆ ಒಂದು ಕಡೆ ಎಳೆಯುತ್ತಿದ್ದರೆ ಮೊದಲು ಇಲ್ಲಿ ಹುಡುಕಿ. ಏನಾದರೂ ಬದಲಿಸುವುದಿದ್ದರೆ ಒಂದು ಸಲಕ್ಕೆ ಒಂದೇ.

ಕೇಬಲ್‌ಗಳ ಮೇಲೆ ಹಳೆಯ ಬನಿಯನ್ ತುಂಡು ಹಿಡಿದು ಉದ್ದಕ್ಕೂ ಎಳೆಯಿರಿ. ಎಳೆ ಮುರಿದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಬೇಡ. ರೆಕ್ಕೆಯ ಡೇಕ್ರಾನ್ ಬಟ್ಟೆಗೆ ಮಳೆಗಿಂತ ಬಿಸಿಲೇ ವೈರಿ. ಹಾರದಾಗ ಕವರಿನೊಳಗೆ ಇರಲಿ. ಬಟ್ಟೆಯ ಗಟ್ಟಿತನ ನೋಡಲು ಸೂಜಿ ಚುಚ್ಚಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯುವ ಬೆಟ್ಸೋಮೀಟರ್ ಇದೆ. ಹಳೆಯ ರೆಕ್ಕೆ ಕೊಳ್ಳುವಾಗ ಇದಿಲ್ಲದೆ ದುಡ್ಡು ಕೊಡಬೇಡಿ.

ಹಂತ 7: ನೆಲ, ಆಮೇಲೆ ಗಾಳಿ

912ಕ್ಕೆ ಎಣ್ಣೆ ನೋಡುವ ರೀತಿ ಬೇರೆ. ಇಗ್ನಿಷನ್ ಆಫ್ ಇದೆ ಅಂತ ಎರಡು ಸಲ ನೋಡಿಕೊಂಡು, ಫ್ಯಾನನ್ನು ಸರಿಯಾದ ದಿಕ್ಕಿನಲ್ಲಿ ಕೈಯಿಂದ ನಿಧಾನ ತಿರುಗಿಸುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಎಣ್ಣೆ ಟ್ಯಾಂಕಿನಲ್ಲಿ ಗುಳುಗುಳು ಅಂತ ಸದ್ದು ಬರುತ್ತದೆ. ಆಮೇಲೆ ಕಡ್ಡಿ ಅದ್ದಿ ನೋಡಿದರೆ ಸರಿಯಾದ ಮಟ್ಟ ಸಿಗುತ್ತದೆ. ಎಣ್ಣೆ 50 ಡಿಗ್ರಿ ಮುಟ್ಟುವವರೆಗೆ ಪೂರ್ತಿ ಥ್ರಾಟಲ್ ಕೊಡಬೇಡಿ.

ಮೊದಲ ಹಾರಾಟಗಳನ್ನು ಅನುಭವಿ ಟ್ರೈಕ್ ಪೈಲಟ್ ಮಾಡಲಿ, ಒಬ್ಬರೇ. ಅಮೆರಿಕದಲ್ಲಿ ಸ್ವಂತ ಕಟ್ಟಿದ ವಿಮಾನವನ್ನು ಮೊದಲ 25 ಅಥವಾ 40 ಗಂಟೆ ಪ್ರಯಾಣಿಕರಿಲ್ಲದೆ ಹಾರಿಸಬೇಕು. ಒಳ್ಳೆಯ ಪದ್ಧತಿ. ಆಮೇಲೆ ಹಿಂದಿನ ಸೀಟಿಗೆ ಮರಳಿನ ಚೀಲ ಬಿಗಿದು, 20, 40, 60 ಕಿಲೋ ಅಂತ ಏರಿಸುತ್ತಾ ಹೋಗಿ. ಪ್ರತಿ ಸಲ ಎಷ್ಟು ಓಡಿ ಎದ್ದಿತು, ಯಾವ ವೇಗಕ್ಕೆ ಸ್ಟಾಲ್ ಆಯಿತು ಅಂತ ಬರೆಯಿರಿ.

ಮಾಡಲೇಬಾರದ್ದು ಒಂದಿದೆ. ಮೂಗನ್ನು ಜೋರಾಗಿ ಮೇಲೆತ್ತಿ, ವೇಗ ಸತ್ತು, ಒಮ್ಮೆಲೇ ಮುಗ್ಗರಿಸಲು ಬಿಡುವುದು. ಬಾಲ ಇಲ್ಲದ ವಿಮಾನ ಹಾಗೆ ಮುಗ್ಗರಿಸಿದರೆ ಮುಂದಕ್ಕೆ ಲಾಗ ಹಾಕಬಹುದು, ಆಮೇಲೆ ರೆಕ್ಕೆ ಉಳಿಯುವುದಿಲ್ಲ. ಸಾಮಾನ್ಯವಾಗಿ ಕೈಪಿಡಿಗಳು ಕೊಡುವ ಮಿತಿ ವಾಲಿಕೆಗೆ 60 ಡಿಗ್ರಿ. ಇಬ್ಬರು ಕೂತಾಗ ನಾನು 30 ದಾಟುವುದಿಲ್ಲ, ಹಿಂದೆ ಕೂತವನಿಗೆ ವಾಂತಿ ಬರುವುದು ಅದಕ್ಕಿಂತ ಬೇಗ.

ಹಂತ 8: ದೂರದ ದಾರಿ

ನಾನು ಕಾಗದದ ಮೇಲೆ ಹತ್ತಾರು ಸಲ ಹಾರಿರುವ ದಾರಿಯನ್ನೇ ತೆಗೆದುಕೊಳ್ಳೋಣ. ಬಾರಾಮತಿಯಿಂದ ಕರಾಡ್ ಸುಮಾರು 114 ಕಿ.ಮೀ., ಕರಾಡ್‌ನಿಂದ ಕೊಲ್ಹಾಪುರ 70, ಅಲ್ಲಿಂದ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ 96. ಒಟ್ಟು 280. ಟ್ರೈಕ್ ಗಂಟೆಗೆ 90 ಕಿ.ಮೀ. ಹೋಗುತ್ತದೆ ಅನ್ನಿ. ಎದುರುಗಾಳಿ 20 ಇದ್ದರೆ ನೆಲದ ಮೇಲೆ 70 ಮಾತ್ರ. ಅಂದರೆ ನಾಲ್ಕು ಗಂಟೆ. ಗಂಟೆಗೆ 13 ಲೀಟರಿನಂತೆ 52. ಒಂದು ಗಂಟೆಯ ರಿಸರ್ವ್ 13. ಲೆಕ್ಕ ಸರಿಯಾಗಿ 65ಕ್ಕೆ ಬಂದು ನಿಂತಿತು, ನಮ್ಮ ಟ್ಯಾಂಕಿನಷ್ಟೇ. ಗೆಳೆಯ ಕುಣಿದ. ನಾನು ಒಪ್ಪಲಿಲ್ಲ. ಗಾಳಿ 25 ಆದರೆ ರಿಸರ್ವ್‌ಗೆ ಕೈ ಹಾಕಬೇಕು. 582 ಆಗಿದ್ದರೆ ಹಾರಾಟಕ್ಕೇ 72 ಲೀಟರ್ ಬೇಕಿತ್ತು, ಪ್ರಶ್ನೆಯೇ ಇಲ್ಲ. ಇನ್ನೊಂದು ವಿಷಯ, ಏಳಕ್ಕೆ ಹೊರಟರೆ ತಲುಪುವುದು ಹನ್ನೊಂದಕ್ಕೆ. ಒಂಬತ್ತೂವರೆ ಆಗುತ್ತಿದ್ದಂತೆ ದಖ್ಖನ್ನಿನ ನೆಲ ಕಾದು ಬಿಸಿಗಾಳಿ ಮೇಲೇಳುತ್ತದೆ, ಟ್ರೈಕ್ ಎತ್ತಿನಗಾಡಿಯಂತೆ ಕುಲುಕುತ್ತದೆ. ಹಾಗಾಗಿ ಎರಡು ಬೆಳಗಿನ ಪ್ರಯಾಣ, ನಡುವೆ ಕೊಲ್ಹಾಪುರದಲ್ಲಿ ರಾತ್ರಿ. ಪೆಟ್ರೋಲ್ ಮೊದಲೇ ರಸ್ತೆಯಲ್ಲಿ ಕಳಿಸಿರಬೇಕು, ಇಳಿಯುವ ಪ್ರತಿ ಕಡೆಯೂ ಮುಂಚೆಯೇ ಲಿಖಿತ ಒಪ್ಪಿಗೆ ಪಡೆದಿರಬೇಕು. ಹೊರಡುವ ದಿನ ಫ್ಲೈಟ್ ಪ್ಲಾನ್, ಎಡಿಸಿ (ವಾಯುರಕ್ಷಣೆಯ ಅನುಮತಿ) ಮತ್ತು ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ನಂಬರ್ ಕೈಯಲ್ಲಿಲ್ಲದೆ ಎಂಜಿನ್ ಚಾಲೂ ಮಾಡಬೇಡಿ.

ಹಾರುವ ಕಾಲ ನವೆಂಬರಿನಿಂದ ಫೆಬ್ರವರಿ. ಮೇ ತಿಂಗಳ ಲೆಕ್ಕ ನೋಡಿ. ಪುಣೆ ಸುಮಾರು 1,900 ಅಡಿ ಎತ್ತರದಲ್ಲಿದೆ. ವಿಮಾನದ ಲೆಕ್ಕಗಳಲ್ಲಿ ಆ ಎತ್ತರಕ್ಕೆ ಹಿಡಿಯುವ ಮಾನಕ ತಾಪಮಾನ 11 ಡಿಗ್ರಿ. ಹೊರಗೆ 40 ಇದ್ದರೆ 29 ಡಿಗ್ರಿ ಜಾಸ್ತಿ. ಬಿಸಿಗಾಳಿ ತೆಳು, ಹಾಗಾಗಿ ಡಿಗ್ರಿಗೆ ಸುಮಾರು 120 ಅಡಿ ಎತ್ತರ ಸೇರಿಸಿ. ನಿಮ್ಮ ರೆಕ್ಕೆ, ಎಂಜಿನ್ ಎರಡಕ್ಕೂ 5,400 ಅಡಿ ಎತ್ತರದಲ್ಲಿ ಇದ್ದಂತೆ. ಇಬ್ಬರು ಕೂತು, ಟ್ಯಾಂಕ್ ತುಂಬಿ, ಚಿಕ್ಕ ಪಟ್ಟಿಯಿಂದ ಏಳಲು ಹೋದರೆ ಬೇಲಿ ಹತ್ತಿರ ಬಂದಾಗ ಗೊತ್ತಾಗುತ್ತದೆ.

ಸಹ್ಯಾದ್ರಿಯಿಂದ ದೂರ, ಪೂರ್ವದ ಬಯಲಿನ ಮೇಲೇ ಇರಿ. ಚಳಿಗಾಲದಲ್ಲಿ ಗಾಳಿ ಹೆಚ್ಚಾಗಿ ಪೂರ್ವದಿಂದ, ಆಗ ಘಟ್ಟದ ಕೊಂಕಣದ ಬದಿಯಲ್ಲಿ ಗಾಳಿ ಸುರುಳಿ ಸುತ್ತುತ್ತದೆ. ಮಧ್ಯಾಹ್ನ ಸಮುದ್ರದ ಗಾಳಿ ಬಂದರೆ ಅದೇ ಸುರುಳಿ ನಮ್ಮ ಬದಿಗೆ.

ಎಂಜಿನ್ ಈಗ ನಿಂತರೆ ಎಲ್ಲಿ ಇಳಿಯುತ್ತೇನೆ ಅಂತ ಪ್ರತಿ ಎರಡು ನಿಮಿಷಕ್ಕೆ ನೋಡುತ್ತಿರಿ. ಸಾವಿರ ಅಡಿಯಿಂದ ತೇಲಿ ಹೋಗುವುದು ಒಂದೂವರೆ ಕಿ.ಮೀ. ಅಷ್ಟೇ. ಕರಾಡ್, ಕೊಲ್ಹಾಪುರದ ಕಡೆ ಮೇಲಿನಿಂದ ಕಬ್ಬು ಹಸಿರು ಹಾಸಿಗೆಯಂತೆ ಕಾಣುತ್ತದೆ. ನಂಬಬೇಡಿ, ಅದು ಆಳೆತ್ತರ. ಹೊಸದಾಗಿ ಉತ್ತ ಕರಿಮಣ್ಣಿನಲ್ಲಿ ಮುಂದಿನ ಗಾಲಿ ಹೂತು ಗಾಡಿ ಮಗುಚುತ್ತದೆ. ಸೋಯಾಬೀನ್ ಕಟಾವಾದ ಹೊಲ ಒಳ್ಳೆಯದು. ವಿದ್ಯುತ್ ತಂತಿ ಕಾಣುವುದಿಲ್ಲ, ಕಂಬಗಳನ್ನು ಹುಡುಕಿ.

ಚಳಿಗೆ ಎರಡು ಸ್ವೆಟರ್, ಕೈಗವಸು. ಡಿಸೆಂಬರಿನ ಬೆಳಗ್ಗೆ ನೆಲದಲ್ಲಿ 12 ಡಿಗ್ರಿ ಇದ್ದರೆ 3,000 ಅಡಿ ಮೇಲೆ 6, ಅದರ ಮೇಲೆ 90ರ ಗಾಳಿ. ಹಿಂದೆ ಕೂತವರಿಗೆ ಕೆಲಸ ಕೊಡಿ. ಪ್ರತಿ ಅರ್ಧ ಗಂಟೆಗೆ ಟ್ಯಾಂಕಿನ ಮಟ್ಟ, ಎಣ್ಣೆಯ ಬಿಸಿ, ಜಿಪಿಎಸ್ ವೇಗ ಕೂಗಿ ಹೇಳುವುದು, ಬರೆಯುವುದು.

ಇಳಿದ ಮೇಲೆ ಗಾಳಿ ಬರುವ ಕಡೆಯ ರೆಕ್ಕೆ ತುದಿಯನ್ನು ನೆಲಕ್ಕೆ ತಗ್ಗಿಸಿ, ಬಾರನ್ನು ಕಟ್ಟಿ, ಗೂಟ ಹೊಡೆಯಿರಿ. ಆಮೇಲೆ ಟ್ಯಾಂಕಿಗೆ ಎಷ್ಟು ಲೀಟರ್ ಹಿಡಿಯಿತು ಅಂತ ಅಳೆದು ಹಾಕಿ. ಕಾಗದದ ಮೇಲೆ 13 ಅಂದುಕೊಂಡದ್ದು ನಿಜವಾಗಿ 14 ಆಗಿದ್ದರೆ, ಮರುದಿನದ ಲೆಕ್ಕವನ್ನು 14ಕ್ಕೇ ಹಾಕಿ ಮಲಗಿ.